103 ದಿನದಲ್ಲೇ ಮುಗಿದುಹೋದ ಸುಧಾರಣೆ: 1898ರ ಚೀನಾದಲ್ಲಿ ಏನಾಯ್ತು, ಯಾಕಾಯ್ತು

1898ರ ಜೂನ್ 11ಕ್ಕೆ ಶುರುವಾಗಿ ಸೆಪ್ಟೆಂಬರ್ 21ಕ್ಕೆ ಮುಗೀತು. ಲೆಕ್ಕ ಹಾಕಿದ್ರೆ 103 ದಿನ. ಅಷ್ಟರಲ್ಲಿ ಚೀನಾದ ಚಕ್ರವರ್ತಿ ಪರೀಕ್ಷೆ, ಸ್ಕೂಲು, ಸೈನ್ಯ, ರೈಲು, ಗಣಿ, ಬಜೆಟ್ಟು, ಸರ್ಕಾರಿ ಆಫೀಸು ಎಲ್ಲದರ ಬಗ್ಗೆಯೂ ಒಂದರ ಹಿಂದೆ ಒಂದು ಆಜ್ಞೆ ಹೊರಡಿಸ್ದ, ಕೊನೆಗೆ ತನ್ನದೇ ಅರಮನೆ ಪಕ್ಕದ ಕೆರೆ ಮಧ್ಯದ ಒಂದು ಪುಟ್ಟ ದ್ವೀಪದಲ್ಲಿ ಬಂದಿಯಾಗಿ ಕೂತ, ಆರು ಜನರ ತಲೆ ಹೋಯ್ತು. ಇದನ್ನ ನೂರು ದಿನಗಳ ಸುಧಾರಣೆ ಅಂತ ಕರೀತಾರೆ. ಚೀನೀಯರು ವೂಶೂ ಸುಧಾರಣೆ ಅಂತಾರೆ, ವೂಶೂ ಅಂದ್ರೆ ಆ ವರ್ಷದ ಹೆಸರು, ನಮ್ಮಲ್ಲಿ ಪ್ರಭವ ವಿಭವ ಅಂತ 60 ಸಂವತ್ಸರ ಇರೋ ಹಾಗೆ ಅವರಲ್ಲೂ 60 ವರ್ಷದ ಚಕ್ರ ಇದೆ.

ಈ ಕಥೆನ ಸಾಮಾನ್ಯವಾಗಿ ಹೇಳೋ ರೀತಿ ಹೀಗೆ: ಒಳ್ಳೆ ಮನಸ್ಸಿನ ಯುವ ರಾಜ, ಅಧಿಕಾರ ಬಿಡದ ಮುದುಕಿ ರಾಣಿ, ಕೊನೇ ಗಳಿಗೆಯಲ್ಲಿ ಕೈಕೊಟ್ಟ ಸೇನಾಧಿಕಾರಿ, ಅಷ್ಟೇ ಮುಗೀತು. ಇದು ಪೂರ್ತಿ ಸುಳ್ಳೇನಲ್ಲ. ಆದ್ರೆ ಇಷ್ಟನ್ನೇ ನಂಬ್ಕೊಂಡ್ರೆ ಆ ವರ್ಷ ನಿಜವಾಗ್ಲೂ ಎಲ್ಲಿ ಎಡವಿದ್ರು ಅನ್ನೋದು ಗೊತ್ತಾಗಲ್ಲ. ನಾನು ಇದರ ಬಗ್ಗೆ ಓದ್ತಾ ಓದ್ತಾ ಬಂದಿರೋ ತೀರ್ಮಾನ ಏನಂದ್ರೆ, ಆ ಚಕ್ರವರ್ತಿ ಹತ್ರ ಆಜ್ಞೆ ಬರೆಯೋ ಕುಂಚ ಇತ್ತು, ಅದನ್ನ ನಡೆಸಿಕೊಡೋ ಕೈಗಳು ಇರಲಿಲ್ಲ, ಕೈಗಳನ್ನ ಸಂಪಾದಿಸೋ ಮೊದಲೇ ಲಕ್ಷಾಂತರ ಜನರ ಅನ್ನಕ್ಕೆ ಸಂಬಂಧಪಟ್ಟ ವಿಷಯಗಳನ್ನ ಮುಟ್ಟಿಬಿಟ್ಟ. ಉಳಿದಿದ್ದೆಲ್ಲ ಅದರಿಂದ ಬಂದಿದ್ದು.

ಮೊದಲು ಹಿನ್ನೆಲೆ. 1894ರಲ್ಲಿ ಕೊರಿಯಾ ವಿಷಯಕ್ಕೆ ಚೀನಾ ಜಪಾನ್ ನಡುವೆ ಯುದ್ಧ ಆಯ್ತು. ಚೀನಾ ಅದಕ್ಕಿಂತ ಮುಂಚೆ ಬ್ರಿಟನ್, ಫ್ರಾನ್ಸ್ ಕೈಲಿ ಸೋತಿತ್ತು, ಅದನ್ನ ಹೇಗೋ ನುಂಗಿಕೊಂಡಿತ್ತು, ಎಲ್ಲಿಂದಲೋ ಬಂದ ಬಿಳಿಯರು, ಅವರ ಹತ್ರ ದೊಡ್ಡ ಹಡಗು ಇದೆ, ನಾವೂ ಹಡಗು ಫಿರಂಗಿ ತಗೊಂಡ್ರೆ ಸರಿಹೋಗತ್ತೆ ಅಂದ್ಕೊಂಡು ಮೂವತ್ತು ವರ್ಷ ಹಾಗೇ ಮಾಡಿದ್ರು ಕೂಡ. ಆದ್ರೆ ಜಪಾನ್? ಚೀನಾದಿಂದಲೇ ಅಕ್ಷರ ಕಲಿತ ದೇಶ ಅದು. ಅದರ ಕೈಲಿ ಉತ್ತರದ ನೌಕಾಪಡೆ ಪೂರ್ತಿ ನಾಶ ಆಯ್ತು. 1895ರ ಏಪ್ರಿಲ್ 17ಕ್ಕೆ ಶಿಮೊನೊಸೆಕಿ ಅನ್ನೋ ಊರಲ್ಲಿ ಒಪ್ಪಂದ, ತೈವಾನ್ ಹೋಯ್ತು, 20 ಕೋಟಿ ತಾಯೆಲ್ ಬೆಳ್ಳಿ ದಂಡ. ಒಂದು ತಾಯೆಲ್ ಅಂದ್ರೆ ಸುಮಾರು 37 ಗ್ರಾಂ. ಆ ಸರ್ಕಾರದ ಎರಡು ವರ್ಷದ ಪೂರ್ತಿ ಆದಾಯಕ್ಕಿಂತ ಜಾಸ್ತಿ ಇದು. ಮಾತುಕತೆಗೆ ಹೋಗಿದ್ದ ಹಿರಿಯ ಮಂತ್ರಿ ಲಿ ಹೊಂಗ್‌ಝಾಂಗ್ ಮುಖಕ್ಕೆ ಅಲ್ಲೇ ಒಬ್ಬ ಜಪಾನಿ ಯುವಕ ಗುಂಡು ಹಾರಿಸ್ದ, ಲಿ ಬದುಕಿಕೊಂಡ. ಈ ಗುಂಡಿನ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರತ್ತೆ.

ಈಗ ಅರಮನೆ ಒಳಗಿನ ಸಂಬಂಧ. ಚಕ್ರವರ್ತಿ ಹೆಸರು ಗುವಾಂಗ್ಶು, ಹುಟ್ಟಿದ್ದು 1871ರಲ್ಲಿ. ರಾಜಮಾತೆ ಸಿಶಿ ಇವನ ದೊಡ್ಡಮ್ಮ, ಅಂದ್ರೆ ಅವಳ ಸ್ವಂತ ತಂಗಿಯ ಮಗ ಇವನು, ಅಪ್ಪನ ಕಡೆಯಿಂದ ನೋಡಿದ್ರೆ ಅವಳ ಮೈದುನನ ಮಗ. ಅವಳ ಹೊಟ್ಟೇಲಿ ಹುಟ್ಟಿದ ಮಗ ಚಕ್ರವರ್ತಿಯಾಗಿದ್ದವನು ಚಿಕ್ಕ ವಯಸ್ಸಲ್ಲೇ ತೀರಿಹೋದ್ಮೇಲೆ ಅವಳೇ ಈ ಮಗುನ ತಂದು ಸಿಂಹಾಸನದ ಮೇಲೆ ಕೂರಿಸಿದ್ದು, ಆಗ ಅವನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಅವಳನ್ನ ಅವನು ಕರೀತಿದ್ದಿದ್ದು "ಅಪ್ಪ" ಅನ್ನೋ ಅರ್ಥದ ಮಾತಿಂದ. ಅವನಿಗೆ ಕಟ್ಟಿದ ಹೆಂಡತಿ ಕೂಡ ಸಿಶಿಯ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗಳು. 1889ರಲ್ಲಿ ಸಿಶಿ ಅಧಿಕಾರ ಬಿಟ್ಟು ರಾಜಧಾನಿ ಪೇಕಿಂಗ್ (ಇವತ್ತಿನ ಬೀಜಿಂಗ್) ಹೊರಗಿನ ಬೇಸಿಗೆ ಅರಮನೆಗೆ ಹೋದ್ಲು ಅಂತ ದಾಖಲೆ ಹೇಳತ್ತೆ, ಆದ್ರೆ ಮುಖ್ಯ ಕಾಗದಗಳು ಅವಳ ಕಣ್ಣಿಗೆ ಬೀಳದೆ ಇರ್ತಿರಲಿಲ್ಲ, ದೊಡ್ಡ ಹುದ್ದೆಗೆ ಯಾರು ಅನ್ನೋದು ಅವಳ ಒಪ್ಪಿಗೆ ಇಲ್ಲದೆ ಆಗ್ತಿರಲಿಲ್ಲ. ಚಕ್ರವರ್ತಿ ಮತ್ತೆ ಮತ್ತೆ ಆ ಅರಮನೆಗೆ ಹೋಗಿ ಅಡ್ಡಬಿದ್ದು ಬರ್ಬೇಕಿತ್ತು.

ಇನ್ನೊಬ್ಬ ಮುಖ್ಯ ವ್ಯಕ್ತಿ ಕಾಂಗ್ ಯೂವೇ, ಸುಧಾರಣೆಯ ಯೋಜನೆ ಬರೆದುಕೊಡ್ತಿದ್ದವನು. ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದವನು, 1858ರಲ್ಲಿ ಹುಟ್ಟಿದವನು, ದೊಡ್ಡ ಪಂಡಿತ, ಅಷ್ಟೇ ದೊಡ್ಡ ಹಠಮಾರಿ. ಅವನ ಮುಖ್ಯ ವಾದ ಏನಂದ್ರೆ, ಕನ್ಫ್ಯೂಷಿಯಸ್ ಹಳೇದನ್ನ ಕಾಪಾಡಿದವನು ಅಂತ ಎಲ್ಲರೂ ತಿಳ್ಕೊಂಡಿದ್ದು ತಪ್ಪು, ಅವನೇ ತನ್ನ ಕಾಲದ ಸುಧಾರಕ, ಹಾಗಾಗಿ ಇವತ್ತು ವ್ಯವಸ್ಥೆ ಬದಲಾಯಿಸೋದು ಅಂದ್ರೆ ಅವನ ದಾರೀಲೇ ನಡೆದ ಹಾಗೆ. ಎರಡು ಸಾವಿರ ವರ್ಷದ ಶಾಸ್ತ್ರಗ್ರಂಥಗಳಲ್ಲಿ ಒಂದು ಭಾಗ ಆಮೇಲೆ ಯಾರೋ ಸೇರಿಸಿದ ನಕಲಿ ಅಂತಾನೂ ಬರೆದ. ಸುಧಾರಣೆ ಬೇಕು ಅಂತಿದ್ದ ಎಷ್ಟೋ ಹಿರಿಯ ಅಧಿಕಾರಿಗಳಿಗೆ ರೈಲು ಓಕೆ, ಸ್ಕೂಲು ಓಕೆ, ಆದ್ರೆ ಈ ಮಾತು ಗಂಟಲಲ್ಲಿ ಇಳೀಲಿಲ್ಲ. ಹುಬೇ ಹುನಾನ್ ಎರಡೂ ಪ್ರಾಂತ್ಯಗಳ ವೈಸ್‌ರಾಯ್ ಆಗಿದ್ದ ಝಾಂಗ್ ಝಿದೊಂಗ್ ಅಂತ, ಕಾರ್ಖಾನೆ ಕಟ್ಟಿಸಿದವನು, ಸ್ಕೂಲು ತೆಗೆಸಿದವನು, ಸಹಜವಾಗಿ ಕಾಂಗ್ ಜೊತೆ ಇರ್ಬೇಕಾಗಿದ್ದವನು, ಈ ಒಂದು ಕಾರಣಕ್ಕೇ ದೂರ ಸರಿದ. ಕಾಂಗ್ ತನ್ನ ಮಿತ್ರರಾಗ್ಬೇಕಿದ್ದವರನ್ನ ಕೈಯಾರೆ ಕಳ್ಕೊಂಡ ಅಂತ ನನಗೆ ಅನ್ಸತ್ತೆ, ಅದು ತುಂಬಾ ದೊಡ್ಡ ನಷ್ಟ. ಅವನ ಶಿಷ್ಯ ಲಿಯಾಂಗ್ ಚಿಚಾವೊ, ಆಗ ಇನ್ನೂ 25ರ ಹುಡುಗ, ಪತ್ರಿಕೇಲಿ ಬರೀತಿದ್ದ ಗದ್ಯಕ್ಕೆ ದೇಶದ ಯುವಕರೆಲ್ಲ ಮರುಳಾಗಿದ್ರು.

1897ರ ನವೆಂಬರ್‌ನಲ್ಲಿ ಶಾಂಡೊಂಗ್ ಪ್ರಾಂತ್ಯದಲ್ಲಿ ಇಬ್ಬರು ಜರ್ಮನ್ ಪಾದ್ರಿಗಳ ಕೊಲೆ ಆಯ್ತು, ಅದನ್ನೇ ನೆಪ ಮಾಡ್ಕೊಂಡು ಜರ್ಮನಿ ಜಿಯಾವ್‌ಝೌ ಕೊಲ್ಲಿ ಹಿಡೀತು, 99 ವರ್ಷದ ಲೀಸ್ ಬರೆಸಿಕೊಳ್ತು. ಆಮೇಲೆ ರಷ್ಯಾ ಪೋರ್ಟ್ ಆರ್ಥರ್ ತಗೊಳ್ತು, ಫ್ರಾನ್ಸ್ ದಕ್ಷಿಣದಲ್ಲಿ ಒಂದು ಕೊಲ್ಲಿ, ಬ್ರಿಟನ್ ವೇಹೈವೇ ಬಂದರು ಜೊತೆಗೆ ಹಾಂಗ್‌ಕಾಂಗ್ ಪಕ್ಕದ ಜಮೀನು, ಅದೂ 99 ವರ್ಷಕ್ಕೆ, ಹಾಂಗ್‌ಕಾಂಗ್ 1997ರಲ್ಲಿ ವಾಪಸ್ ಬಂದಿದ್ದು ಈ ಲೀಸ್ ಮುಗಿದಿದ್ದಕ್ಕೇ. ಹಾಂಗ್‌ಕಾಂಗ್ ಲೀಸ್‌ಗೆ ಸಹಿ ಬಿದ್ದಿದ್ದು 1898ರ ಜೂನ್ 9. ಸುಧಾರಣೆಯ ಮೊದಲ ಆಜ್ಞೆ ಬಂದಿದ್ದು ಜೂನ್ 11. ಎರಡೇ ದಿನದ ಅಂತರ. ಮನೆ ಹಂಚಿಕೊಂಡು ಹೋಗ್ತಿದಾರೆ, ಈಗ ಏನಾದ್ರೂ ಮಾಡದಿದ್ರೆ ಇನ್ಯಾವಾಗ ಅನ್ನೋ ಆತುರ ಆ ಆಜ್ಞೆಗಳಲ್ಲಿ ಯಾಕೆ ಅಷ್ಟಿತ್ತು ಅಂತ ಇದರಿಂದ ಅರ್ಥ ಆಗತ್ತೆ. ಇನ್ನೊಂದು ವಿಷಯ, ಆ ಮೊದಲ ಆಜ್ಞೆಗೆ ಸಿಶಿ ಒಪ್ಪಿಗೆ ಇತ್ತು. ಅವಳು ಶುರುವಿನಿಂದಲೂ ಸುಧಾರಣೆ ಶತ್ರು ಅನ್ನೋದು ತಪ್ಪು ಚಿತ್ರ. ಅವಳಿಗೆ ಬೇಕಾಗಿದ್ದು ಕೀಲಿಕೈ ತನ್ನ ಸೆರಗಲ್ಲಿ ಇರಬೇಕು ಅನ್ನೋದು.

ಅದು ಜೂನ್ 15ಕ್ಕೇ ಗೊತ್ತಾಯ್ತು. ಅವತ್ತು ಒಂದೇ ದಿನ ಮೂರು ಕೆಲಸ ನಡೀತು. ಚಕ್ರವರ್ತಿಗೆ ಚಿಕ್ಕಂದಿನಿಂದ ಪಾಠ ಹೇಳಿದ್ದ ಗುರು, ಹಣಕಾಸಿನ ಮಂತ್ರಿ ವೆಂಗ್ ತೊಂಗ್‌ಹೆ ವಜಾ ಆದ. ದೊಡ್ಡ ಹುದ್ದೆ ಸಿಕ್ಕವರು ಇನ್ಮೇಲೆ ರಾಜಮಾತೆ ಹತ್ರಾನೂ ಹೋಗಿ ಕೃತಜ್ಞತೆ ಹೇಳಬೇಕು ಅಂತ ಆಯ್ತು. ಸಿಶಿಯ ನಂಬಿಕಸ್ತ ರೊಂಗ್ಲು ರಾಜಧಾನಿ ಸುತ್ತಲಿನ ಝಿಲಿ ಪ್ರಾಂತ್ಯದ ವೈಸ್‌ರಾಯ್ ಆಗಿ ಬಂದ, ಅಂದ್ರೆ ಪೇಕಿಂಗ್ ಸುತ್ತಲಿನ ಸೈನ್ಯ ಅವನ ಕೈಗೆ. ಮಾರನೇ ದಿನ ಜೂನ್ 16ಕ್ಕೆ ಚಕ್ರವರ್ತಿ ಕಾಂಗ್‌ನ ಮೊದಲ ಸಲ ಮುಖತಃ ಭೇಟಿಯಾದ, ಅದೇ ಕೊನೇ ಸಲ ಕೂಡ. ಅವನಿಗೆ ಕೊಡೋಕೆ ಆಗಿದ್ದು ವಿದೇಶಾಂಗ ಕಚೇರಿಯಲ್ಲಿ ಒಂದು ಸಣ್ಣ ಕಾರ್ಯದರ್ಶಿ ಕೆಲಸ. ಯೋಚನೆ ಮಾಡಿ, ದೇಶ ಬದಲಾಯಿಸೋ ಯೋಜನೆ ಬರೀತಿರೋ ಮನುಷ್ಯ ಆಫೀಸಿನ ಕೆಳಗಿನ ಮೆಟ್ಟಿಲಲ್ಲಿ, ಅವನನ್ನ ಮೇಲೆ ತರೋ ಶಕ್ತಿ ಸ್ವತಃ ಚಕ್ರವರ್ತಿಗೂ ಇಲ್ಲ.

ಆಜ್ಞೆಗಳ ಪೈಕಿ ಅತಿ ಹೆಚ್ಚು ಜನರ ಎದೆಗೆ ತಾಕಿದ್ದು ಜೂನ್ 23ರದ್ದು, ಪರೀಕ್ಷೆಯಲ್ಲಿ "ಎಂಟು ಕಾಲಿನ ಪ್ರಬಂಧ" ರದ್ದು ಅನ್ನೋದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಇದು ಅರ್ಥ ಆಗದೆ 1898 ಅರ್ಥ ಆಗಲ್ಲ.

ಚೀನಾದಲ್ಲಿ ಸರ್ಕಾರಿ ಅಧಿಕಾರಿ ಆಗ್ಬೇಕು ಅಂದ್ರೆ ಪರೀಕ್ಷೆ ಪಾಸಾಗ್ಬೇಕು, ಮೊದಲು ತಾಲೂಕು ಜಿಲ್ಲೆ ಮಟ್ಟ, ಆಮೇಲೆ ಪ್ರಾಂತ್ಯ, ಆಮೇಲೆ ರಾಜಧಾನಿ. ವಿಷಯ ಕನ್ಫ್ಯೂಷಿಯಸ್ ಪರಂಪರೆಯ ನಾಲ್ಕು ಗ್ರಂಥಗಳಿಂದ ಒಂದು ಸಾಲು. ಆ ಸಾಲನ್ನ ತಗೊಂಡು ಮೊದಲ ಎರಡು ವಾಕ್ಯದಲ್ಲಿ ಅದರ ಅರ್ಥ ಒಡೀಬೇಕು, ಆಮೇಲೆ ಅದನ್ನ ಹಿಡ್ಕೊಂಡು ಬೆಳೆಸ್ಬೇಕು, ಆಮೇಲೆ ಬರೋದು ಆ ಎಂಟು ಕಾಲುಗಳು, ಅಂದ್ರೆ ನಾಲ್ಕು ಜೋಡಿ ಭಾಗಗಳು, ಜೋಡಿಯಲ್ಲಿ ಒಂದರ ಪದ ಪದಕ್ಕೂ ಇನ್ನೊಂದರಲ್ಲಿ ಸರಿಸಮನಾದ ಪದ ಇರ್ಬೇಕು, ನಾಮಪದಕ್ಕೆ ನಾಮಪದ, ಕ್ರಿಯೆಗೆ ಕ್ರಿಯೆ, ಉದ್ದನೂ ಸಮ, ಇಡೀ ಪ್ರಬಂಧ ಸುಮಾರು 700 ಅಕ್ಷರದ ಒಳಗೆ. ಹಳಗನ್ನಡ ಛಂದಸ್ಸಿನಲ್ಲಿ ಕಟ್ಟುನಿಟ್ಟಾಗಿ ಪದ್ಯ ಕಟ್ಟೋ ಅಭ್ಯಾಸ ಮಾಡಿದವರಿಗೆ ಇದರ ಕಷ್ಟನೂ ಗೊತ್ತಾಗತ್ತೆ, ಇದರ ಸೊಗಸೂ ಗೊತ್ತಾಗತ್ತೆ. ಐದಾರು ವರ್ಷಕ್ಕೆ ಬಾಯಿಪಾಠ ಶುರುಮಾಡಿದ ಹುಡುಗ ಮೂವತ್ತು ನಲವತ್ತು ವರ್ಷ ಆದ್ರೂ ಇದನ್ನೇ ಬರೀತಿರ್ತಿದ್ದ. ಪ್ರಾಂತ್ಯದ ಪರೀಕ್ಷೆ ನಡೆಯೋದು ಇಟ್ಟಿಗೆ ಗೋಡೆಯ ಪುಟ್ಟ ಪುಟ್ಟ ಗೂಡುಗಳಲ್ಲಿ, ನಾನ್‌ಜಿಂಗ್ ಒಂದರಲ್ಲೇ ಅಂಥ 20 ಸಾವಿರಕ್ಕೂ ಹೆಚ್ಚು ಗೂಡು ಇದ್ವು. ಒಳಗೆ ಎರಡು ಹಲಗೆ. ಒಂದನ್ನ ಮೇಲೆ ಸಿಕ್ಕಿಸಿದ್ರೆ ಮೇಜು, ಕೆಳಗಿಂದು ಕೂರೋಕೆ, ರಾತ್ರಿ ಎರಡನ್ನೂ ಒಂದೇ ಮಟ್ಟಕ್ಕೆ ಹಾಕಿ ಮೈ ಮುದುಡಿಕೊಂಡು ಮಲಗೋದು. ಊಟ, ಮಸಿ, ಕುಂಚ, ಮೇಣದಬತ್ತಿ ಎಲ್ಲ ತಾನೇ ಹೊತ್ಕೊಂಡು ಹೋಗ್ಬೇಕು.

ಈ ಹಲಗೆ ಮೇಲೆ ಮೂರು ನಾಲ್ಕು ಸಲ ಕೂತು ಫೇಲಾಗಿ, ಮುಂದಿನ ಸಲ ಖಂಡಿತ ಅಂತ ಮನೆಯವರ ಒಡವೆ ಅಡವಿಟ್ಟು ಓದ್ತಿರೋ ಒಬ್ಬನಿಗೆ ಒಂದು ದಿನ ಬೆಳಗ್ಗೆ ಯಾರೋ ಬಂದು ಇನ್ಮೇಲೆ ಇದು ಬೇಡ, ದೇಶದ ಆಡಳಿತದ ಬಗ್ಗೆ ಬರೀಬೇಕು ಅಂದ್ರೆ ಹೇಗಾಗತ್ತೆ? ಅವನಿಗೆ ಗೊತ್ತಿರೋದೇ ಇದೊಂದು. ಅವನಿಗೆ ಪಾಠ ಹೇಳೋ ಮೇಷ್ಟ್ರಿಗೂ ಇದೊಂದೇ ಗೊತ್ತಿರೋದು. ಆ ಪ್ರಬಂಧ ಪದ್ಧತಿ ದೇಶಕ್ಕೆ ಭಾರವಾಗಿತ್ತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ, ಕಾಂಗ್ ಲಿಯಾಂಗ್ ಇಬ್ಬರೂ ಅದನ್ನ ಬರೆದೇ ಮೇಲೆ ಬಂದವರು, ಅದರ ಪೊಳ್ಳುತನ ಅವರಿಗೆ ಚೆನ್ನಾಗೇ ಗೊತ್ತಿತ್ತು. ಆದ್ರೆ ಹೊಸ ಸ್ಕೂಲು ಇನ್ನೂ ಕಟ್ಟಿಲ್ಲ, ಹೊಸ ಪುಸ್ತಕ ಇನ್ನೂ ಅನುವಾದ ಆಗಿಲ್ಲ, ಹೊಸ ಮೇಷ್ಟ್ರು ಹುಟ್ಟಿಲ್ಲ, ಆಗಲೇ ಹಳೇ ಏಣಿ ತೆಗೆದುಬಿಟ್ರು. ಲಕ್ಷಾಂತರ ಓದಿದ ಕುಟುಂಬಗಳು ಒಂದೇ ದಿನದಲ್ಲಿ ವಿರೋಧಿಗಳಾದ್ವು. ಜುಲೈಯಲ್ಲಿ ಇನ್ನೊಂದು ಆಜ್ಞೆ, ದಾಖಲೆಯಲ್ಲಿ ಇಲ್ಲದ ಗುಡಿಗಳನ್ನೆಲ್ಲ ಸ್ಕೂಲು ಮಾಡಿ ಅಂತ. ಊರೂರಲ್ಲಿ ಗುಡಿ ನಂಬ್ಕೊಂಡು ಬದುಕಿದ್ದವರೂ ಸೇರ್ಕೊಂಡ್ರು.

ಆಮೇಲೆ ಆಫೀಸುಗಳು. ಆಗಸ್ಟ್ 30ಕ್ಕೆ ಚಕ್ರವರ್ತಿ ರಾಜಧಾನಿಯಲ್ಲಿ ಕೆಲಸವೇ ಇಲ್ಲದೆ ಸಂಬಳ ತಗೊಳ್ತಿದ್ದ ಆರು ಇಲಾಖೆಗಳನ್ನ ಒಂದೇ ಏಟಿಗೆ ಮುಚ್ಚಿದ, ಜೊತೆಗೆ ಹುಬೇ, ಗುವಾಂಗ್‌ಡಾಂಗ್, ಯುನ್ನಾನ್ ಮೂರು ಪ್ರಾಂತ್ಯದಲ್ಲಿ ಗವರ್ನರ್ ಹುದ್ದೆ ರದ್ದು ಮಾಡಿದ, ಯಾಕಂದ್ರೆ ಅಲ್ಲಿ ವೈಸ್‌ರಾಯ್ ಕೂಡ ಅದೇ ಊರಲ್ಲಿ ಇದ್ದ, ಒಂದೇ ಕೆಲಸಕ್ಕೆ ಇಬ್ಬರು. ತರ್ಕ ಸರಿಯಾಗೇ ಇದೆ. ಆದ್ರೆ ಗಮನಿಸಬೇಕಾದ್ದು ಏನಂದ್ರೆ, ಈ ವಿಷಯದಲ್ಲಿ ಕಾಂಗ್ ಜೂನ್ ಭೇಟಿಯಲ್ಲಿ ಕೊಟ್ಟ ಸಲಹೆ ಬೇರೆನೇ ಇತ್ತು: ಹಳಬರ ಹುದ್ದೆ, ಸಂಬಳ, ಮರ್ಯಾದೆ ಹಾಗೇ ಬಿಡಿ, ಕೆಲಸ ಮಾತ್ರ ಹೊಸಬರಿಗೆ ಕೊಡಿ, ಆಗ ಅವರು ತಿರುಗಿ ಬೀಳಲ್ಲ ಅಂದಿದ್ದ. ಹಠಮಾರಿ ಅಂತ ಹೆಸರಾದ ಮನುಷ್ಯನ ಬಾಯಲ್ಲಿ ಬಂದ ಅತಿ ಜಾಣತನದ ಮಾತು ಅದು. ಚಕ್ರವರ್ತಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ರದ್ದಾದ ಹುಬೇ ಗವರ್ನರ್ ಹುದ್ದೆಯಲ್ಲಿ ಕೂತಿದ್ದವನು ತಾನ್ ಜಿಶುನ್ ಅಂತ ಒಬ್ಬ ವಯಸ್ಸಾದ ಅಧಿಕಾರಿ. ಅವನ ಮಗ ತಾನ್ ಸಿತೊಂಗ್, 33 ವರ್ಷ, ಸುಧಾರಕರಲ್ಲೇ ಅತಿ ಬಿಸಿ ರಕ್ತದವನು, ಇವನ ಹೆಸರು ಇನ್ನೊಂದು ಸ್ವಲ್ಪ ಹೊತ್ತಿಗೆ ಮತ್ತೆ ಬರತ್ತೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಪ್ರಾಂತ್ಯಗಳಲ್ಲಿ ನಡೆದಿದ್ದು ಅದೇ. ಹುನಾನ್ ಗವರ್ನರ್ ಚೆನ್ ಬಾವ್‌ಝೆನ್ ಒಬ್ಬನ ಬಿಟ್ರೆ ಮನಸಾರೆ ಕೆಲಸಕ್ಕೆ ಇಳಿದವರು ಇಲ್ಲ ಅಂತಲೇ ಹೇಳ್ಬಹುದು. ಉಳಿದವರು ಆಜ್ಞೆ ಬಂದ್ರೆ ಓದಿ ಪಕ್ಕಕ್ಕೆ ಇಡ್ತಿದ್ರು, ಉತ್ತರ ಬರೀತಿರಲಿಲ್ಲ, ಟೆಲಿಗ್ರಾಂ ಮಾಡಿ ಕೇಳಿದ್ರೆ ಇನ್ನೂ ಅಧಿಕೃತ ಕಾಗದ ಬಂದಿಲ್ಲ ಅಂತಿದ್ರು. ಆಗಸ್ಟ್ ಕೊನೇಲಿ ಚಕ್ರವರ್ತಿ ದಕ್ಷಿಣದ ಇಬ್ಬರು ವೈಸ್‌ರಾಯ್‌ಗಳನ್ನ ಹೆಸರಿಟ್ಟು ಆಜ್ಞೆಯಲ್ಲೇ ಬೈದ. ಬೈಯೋದು ಬಿಟ್ಟು ಬೇರೆ ಏನೂ ಮಾಡೋಕೆ ಆಗ್ತಿರಲಿಲ್ಲ. ಅವರನ್ನ ತೆಗೆಯೋದು ಸಿಶಿ ಕೈಲಿ, ಅವರು ಕಾಯ್ತಿದ್ದಿದ್ದೂ ಸಿಶಿ ಕಡೆಯಿಂದ ಯಾವ ಗಾಳಿ ಬೀಸತ್ತೆ ಅಂತಲೇ.

ಸೆಪ್ಟೆಂಬರ್ ಮೊದಲ ವಾರದಲ್ಲಿ ನಡೆದ ಒಂದು ಘಟನೆ ಎಲ್ಲವನ್ನೂ ಬಿರುಕು ಬಿಡಿಸ್ತು. ಧಾರ್ಮಿಕ ವಿಧಿ ಮತ್ತು ಪರೀಕ್ಷೆ ನೋಡ್ಕೊಳ್ಳೋ ಇಲಾಖೆಯಲ್ಲಿ ವಾಂಗ್ ಝಾವೊ ಅನ್ನೋ ಒಬ್ಬ ಸಣ್ಣ ಅಧಿಕಾರಿ, ಚಕ್ರವರ್ತಿ ಮತ್ತು ರಾಜಮಾತೆ ಇಬ್ಬರೂ ವಿದೇಶ ಪ್ರವಾಸ ಮಾಡ್ಬೇಕು, ಮೊದಲು ಜಪಾನಿಗೆ ಹೋಗ್ಬೇಕು ಅಂತ ಒಂದು ಮನವಿ ಬರೆದ. ಕೆಳಗಿನವರ ಮನವಿನ ಯಾರೂ ತಡೀಬಾರದು, ಹಾಗೇ ನನಗೆ ಕಳಿಸ್ಬೇಕು ಅಂತ ಚಕ್ರವರ್ತಿ ಅದಾಗ್ಲೇ ಆಜ್ಞೆ ಮಾಡಿದ್ದ. ಆದ್ರೂ ಇಲಾಖೆ ಮುಖ್ಯಸ್ಥರು ತಡೆದ್ರು. ವಾಂಗ್ ಪಟ್ಟು ಬಿಡದೆ ಜಗಳ ತೆಗೆದಾಗ, ಅವರಲ್ಲಿ ಒಬ್ಬ ಚಕ್ರವರ್ತಿಗೇ ಬರೆದ: ಜಪಾನಿನಲ್ಲಿ ಕೊಲೆಗಡುಕರು ಜಾಸ್ತಿ, ಇವನು ತಮ್ಮನ್ನ ಅಪಾಯಕ್ಕೆ ತಳ್ತಿದಾನೆ ಅಂತ. ಮೂರು ವರ್ಷದ ಹಿಂದೆ ಅಲ್ಲೇ ಲಿ ಹೊಂಗ್‌ಝಾಂಗ್ ಮುಖಕ್ಕೆ ಗುಂಡು ಬಿದ್ದಿತ್ತಲ್ಲ, ಹಾಗಾಗಿ ಆ ಮಾತು ಪೂರ್ತಿ ಕಟ್ಟುಕಥೆಯೂ ಆಗಿರಲಿಲ್ಲ. ಚಕ್ರವರ್ತಿಗೆ ಕೆಂಡಾಮಂಡಲ ಸಿಟ್ಟು ಬಂತು. ಸೆಪ್ಟೆಂಬರ್ 4ಕ್ಕೆ ಆ ಇಲಾಖೆಯ ಇಬ್ಬರು ಮುಖ್ಯಸ್ಥರು, ನಾಲ್ವರು ಉಪಮುಖ್ಯಸ್ಥರು, ಒಟ್ಟು ಆರೂ ಜನರನ್ನ ಒಟ್ಟಿಗೆ ವಜಾ ಮಾಡಿ ವಾಂಗ್‌ಗೆ ಬಡ್ತಿ ಕೊಟ್ಟ.

ಅಷ್ಟು ದೊಡ್ಡ ದರ್ಜೆಯವರನ್ನ ಸಿಶಿನ ಕೇಳದೆ ತೆಗೆದಿದ್ದು ಅದೇ ಮೊದಲು. ಮಾರನೇ ದಿನವೇ ನಾಲ್ವರನ್ನ ಮಹಾಮಂಡಳಿಯ, ಅಂದ್ರೆ ಚಕ್ರವರ್ತಿ ಕೆಳಗಿನ ಅತಿ ದೊಡ್ಡ ಮಂತ್ರಿಮಂಡಳಿಯ ಕಾರ್ಯದರ್ಶಿಗಳಾಗಿ ಹಾಕ್ದ: ತಾನ್ ಸಿತೊಂಗ್, ಯಾಂಗ್ ರುಯಿ, ಲಿನ್ ಶು, ಲಿಯು ಗುವಾಂಗ್‌ದಿ. ಮನವಿಗಳನ್ನೆಲ್ಲ ಓದಿ ಆಜ್ಞೆಯ ಕರಡು ಮಾಡೋದು ಇವರು, ಮೇಲಿದ್ದ ಹಿರಿಯ ಮಂತ್ರಿಗಳು ಸುಮ್ಮನೆ ಕೂತು ನೋಡೋದು. ಕೆಲಸ ಹೋದ ಮಂಚು ಕುಲೀನರು ಅತ್ತುಕೊಂಡು ಸಿಶಿ ಹತ್ರ ಹೋದ್ರು, ತಿಯಾನ್‌ಜಿನ್‌ಗೆ ರೈಲು ಹತ್ತಿ ರೊಂಗ್ಲು ಹತ್ರ ಹೋದ್ರು. ಅವರಲ್ಲಿ ಇನ್ನೊಂದು ಭಯನೂ ಇತ್ತು, ಆಳೋ ರಾಜವಂಶ ಮಂಚು ಜನರದ್ದು, ಚೀನೀಯರ ದೃಷ್ಟಿಯಲ್ಲಿ ಹೊರಗಿನವರು, ಸಂಖ್ಯೆಯಲ್ಲಿ ತೀರ ಕಡಿಮೆ. ಕಾಂಗ್ ಕಟ್ಟಿದ್ದ ಸಂಘದ ಮೇಲೆ ವಸಂತ ಕಾಲದಲ್ಲೇ ಒಂದು ಆರೋಪ ಬಂದಿತ್ತು, ಇವರು ಕಾಪಾಡೋಕೆ ಹೊರಟಿರೋದು ಚೀನಾನ, ನಮ್ಮ ಚಿಂಗ್ ವಂಶವನ್ನಲ್ಲ ಅಂತ.

ಈಗ ಕೊನೇ ವಾರ. ಇದನ್ನ ತಾರೀಖು ಹಿಡ್ಕೊಂಡೇ ಓದ್ಬೇಕು, ಯಾಕಂದ್ರೆ "ಸೇನಾಧಿಕಾರಿ ಯುವಾನ್ ಶಿಕಾಯ್ ದ್ರೋಹ ಮಾಡಿದ್ದಕ್ಕೆ ಎಲ್ಲ ಹಾಳಾಯ್ತು" ಅನ್ನೋ ಪ್ರಸಿದ್ಧ ಮಾತು ನಿಲ್ಲತ್ತೋ ಬೀಳತ್ತೋ ಅನ್ನೋದು ಇಲ್ಲೇ ತೀರ್ಮಾನ ಆಗೋದು.

ಸೆಪ್ಟೆಂಬರ್ 14ಕ್ಕೆ ಚಕ್ರವರ್ತಿ ಬೇಸಿಗೆ ಅರಮನೆಗೆ ಹೋಗಿ, ಸುಧಾರಕರನ್ನೆಲ್ಲ ಸೇರಿಸಿ ಒಂದು ಸಲಹಾ ಮಂಡಳಿ ಮಾಡ್ತೀನಿ ಅಂತ ಕೇಳ್ದ, ದೊಡ್ಡಮ್ಮ ಒಪ್ಪಲಿಲ್ಲ. ಮಾರನೇ ದಿನ ಅವನು ಯಾಂಗ್ ರುಯಿ ಕೈಗೆ ಒಂದು ಗುಟ್ಟಿನ ಪತ್ರ ಕೊಟ್ಟ, ಅದರ ತಿರುಳು ಇಷ್ಟು: ಹೀಗೇ ಆದ್ರೆ ನನ್ನ ಸ್ಥಾನವೇ ಉಳಿಯಲ್ಲ, ರಾಜಮಾತೆಗೆ ಬೇಜಾರಾಗದ ಹಾಗೆ ಸುಧಾರಣೆ ನಡೆಸೋ ದಾರಿ ಏನಾದ್ರೂ ಇದ್ರೆ ಬೇಗ ಯೋಚಿಸಿ. 16ಕ್ಕೆ ಯುವಾನ್ ಶಿಕಾಯ್‌ನ ಕರೆಸಿ ಬಡ್ತಿ ಕೊಟ್ಟ, ತಿಯಾನ್‌ಜಿನ್ ಹತ್ರ ಹೊಸ ಮಾದರಿಯ ಸುಮಾರು 7 ಸಾವಿರ ಸೈನಿಕರನ್ನ ತರಬೇತಿ ಮಾಡ್ತಿದ್ದವನು ಅವನು. 17ಕ್ಕೆ ಕಾಂಗ್‌ಗೆ ತಕ್ಷಣ ಶಾಂಘೈಗೆ ಹೊರಡು ಅಂತ ಬಹಿರಂಗ ಆಜ್ಞೆ. 18ರ ರಾತ್ರಿ ತಾನ್ ಸಿತೊಂಗ್ ಒಬ್ಬನೇ ಯುವಾನ್ ಇಳ್ಕೊಂಡಿದ್ದ ಫಾಹುವಾ ದೇವಾಲಯಕ್ಕೆ ಹೋದ. ತಿಯಾನ್‌ಜಿನ್‌ನಲ್ಲಿ ರೊಂಗ್ಲುನ ಕೊಂದು, ಸೈನ್ಯ ತಂದು ಬೇಸಿಗೆ ಅರಮನೆ ಸುತ್ತುವರಿಬೇಕು ಅಂತ ಕೇಳ್ದ. ಯುವಾನ್ ಆಗ ಮಾತು ಕೊಟ್ಟ ಅಂತ ಸುಧಾರಕರ ಕಡೆಯವರು ಬರೆದ್ರು, ಸಮಯ ತಳ್ಳಿದೆ ಅಷ್ಟೇ ಅಂತ ಯುವಾನ್ ಬರೆದ. 20ಕ್ಕೆ ಯುವಾನ್ ಚಕ್ರವರ್ತಿಗೆ ನಮಸ್ಕಾರ ಹೇಳಿ ರೈಲು ಹತ್ತಿ ತಿಯಾನ್‌ಜಿನ್‌ಗೆ ಹೋಗಿ ರೊಂಗ್ಲುಗೆ ವಿಷಯ ಬಿಟ್ಟುಕೊಟ್ಟ.

ಆದ್ರೆ ಸಿಶಿ ಬೇಸಿಗೆ ಅರಮನೆಯಿಂದ ಊರೊಳಗೆ ವಾಪಸ್ ಬಂದಿದ್ದು 19ರ ಸಂಜೆಗೇ, ಯುವಾನ್ ರೈಲು ಹತ್ತೋಕೆ ಮುಂಚೆ. ಅವಳನ್ನ ಎಬ್ಬಿಸಿದ್ದು 18ಕ್ಕೆ ಯಾಂಗ್ ಚೊಂಗ್‌ಯಿ ಅನ್ನೋ ಅಧಿಕಾರಿ ಕಳಿಸಿದ ಮನವಿ, ತಾವೇ ಮತ್ತೆ ಅಧಿಕಾರ ವಹಿಸಿಕೊಳ್ಳಬೇಕು ಅಂತ. ಅದರಲ್ಲಿ ಇನ್ನೊಂದು ಎಚ್ಚರಿಕೆ ಇತ್ತು: ಜಪಾನಿನ ಮಾಜಿ ಪ್ರಧಾನಿ ಇತೊ ಹಿರೊಬುಮಿ ಪೇಕಿಂಗ್‌ಗೆ ಬಂದಿದಾನೆ, ಅವನಿಗೆ ಸರ್ಕಾರದಲ್ಲಿ ಜಾಗ ಕೊಡ್ತಾರಂತೆ. ಇತೊ ಅಂದ್ರೆ ಶಿಮೊನೊಸೆಕಿಯಲ್ಲಿ ಎದುರುಗಡೆ ಕೂತು ತೈವಾನ್ ಕಿತ್ಕೊಂಡವನು. ಅವನನ್ನ ಸಲಹೆಗಾರನಾಗಿ ಇಟ್ಕೊಳ್ಳಿ ಅಂತ ಸುಧಾರಕರ ಕಡೆಯವರೇ ಮನವಿ ಹಾಕ್ತಿದ್ರು, 20ಕ್ಕೆ ಚಕ್ರವರ್ತಿ ಅವನನ್ನ ಭೇಟಿಯೂ ಮಾಡ್ದ. 21ರ ಬೆಳಗ್ಗೆ ಆಜ್ಞೆ ಹೊರಟಿತು, ರಾಜಮಾತೆ ಮತ್ತೆ ಆಡಳಿತ ನಡೆಸ್ತಾರೆ, ಕಾಂಗ್‌ನ ಹಿಡೀರಿ. ಗಮನಿಸಿ, ಆ ಮೊದಲ ದಿನದ ಹಿಡಿಯೋ ಪಟ್ಟಿಯಲ್ಲಿ ತಾನ್ ಹೆಸರು ಇರಲಿಲ್ಲ. ಕೊಲೆ ಸಂಚಿನ ವಿಷಯ ಮೊದಲೇ ಗೊತ್ತಿದ್ರೆ ಅವನ ಹೆಸರೇ ಮೊದಲು ಇರ್ಬೇಕಿತ್ತು. ಹಾಗಾಗಿ ಯುವಾನ್ ಬಾಯಿ ಬಿಟ್ಟಿದ್ದು ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು, ಆರು ಜನರ ಪ್ರಾಣಕ್ಕೆ ಬಂತು, ಆದ್ರೆ ಬೆಂಕಿ ಹತ್ತಿದ್ದು ಅದಕ್ಕೂ ಮೊದಲೇ ಅಂತ ಹೇಳೋ ಇತಿಹಾಸಕಾರರ ವಾದ ನನಗೆ ಸರಿ ಅನ್ಸತ್ತೆ.

ಕಾಂಗ್ 20ರ ಬೆಳಗ್ಗೆನೇ ಊರು ಬಿಟ್ಟಿದ್ದ, ಶಾಂಘೈ ಹತ್ರ ಬ್ರಿಟಿಷರು ಅವನನ್ನ ಹಡಗಿಂದ ಇಳಿಸಿಕೊಂಡು ಹಾಂಗ್‌ಕಾಂಗ್‌ಗೆ ಕಳಿಸಿದ್ರು. ಲಿಯಾಂಗ್ ಜಪಾನ್ ರಾಯಭಾರ ಕಚೇರಿಗೆ ಓಡಿ, ಅಲ್ಲಿಂದ ಜಪಾನಿನ ಯುದ್ಧನೌಕೆಯಲ್ಲಿ ಪಾರಾದ. ತಾನ್‌ಗೂ ಅದೇ ದಾರಿ ತೆರೆದಿತ್ತು. ಅವನು ಆ ಕಚೇರಿಗೆ ಬಂದಿದ್ದು ತಾನು ಬರೆದ ಕಾಗದಗಳ ಕಟ್ಟನ್ನ ಲಿಯಾಂಗ್ ಕೈಲಿ ಇಡೋಕೆ. ಇಟ್ಟು ವಾಪಸ್ ಹೊರಟ. ಲಿಯಾಂಗ್ ಆಮೇಲೆ ಬರೆದ ಪ್ರಕಾರ ಅವನು ಹೇಳಿದ್ದು, ಬೇರೆ ದೇಶಗಳಲ್ಲಿ ರಕ್ತ ಹರಿಯದೆ ಸುಧಾರಣೆ ಆಗಿಲ್ಲ, ಚೀನಾದಲ್ಲಿ ಇದಕ್ಕಾಗಿ ರಕ್ತ ಕೊಟ್ಟವರು ಇನ್ನೂ ಯಾರೂ ಇಲ್ಲ, ಅದು ನನ್ನಿಂದ ಶುರುವಾಗಲಿ ಅಂತ. ಸೆಪ್ಟೆಂಬರ್ 28ಕ್ಕೆ ಕಾಯ್‌ಶಿಕೋವ್ ಅನ್ನೋ ತರಕಾರಿ ಮಾರ್ಕೆಟ್ ಸರ್ಕಲ್ಲಿನಲ್ಲಿ ಆರು ಜನರ ತಲೆ ಕಡಿದ್ರು, ವಿಚಾರಣೆನೇ ಮುಗಿಸದೆ: ಆ ನಾಲ್ವರು ಕಾರ್ಯದರ್ಶಿಗಳು, ಸುಧಾರಕರ ಪರ ಇದ್ದ ಅಧಿಕಾರಿ ಯಾಂಗ್ ಶೆನ್‌ಶಿಯು, ಮತ್ತೆ ಕಾಂಗ್‌ನ ತಮ್ಮ ಕಾಂಗ್ ಗುವಾಂಗ್‌ರೆನ್. ನನಗೆ ತುಂಬಾ ಸಂಕಟ ಆಗೋದು ಯಾಂಗ್ ರುಯಿ ಮತ್ತು ಲಿಯು ಗುವಾಂಗ್‌ದಿ ವಿಷಯದಲ್ಲಿ. ಅವರಿಬ್ಬರೂ ಕಾಂಗ್ ಗುಂಪಿನವರಲ್ಲ, ನಿಧಾನಕ್ಕೆ ಹೋಗೋಣ ಅಂತಿದ್ದವರು. ಲಿನ್ ಶುಗೆ ಆಗ 23 ವರ್ಷ.

ಕಾಂಗ್ ಅರಮನೆಯ ಗುಟ್ಟಿನ ಪತ್ರ ಇದು ಅಂತ ಹೊರದೇಶಗಳಲ್ಲಿ ತೋರಿಸ್ತಾ ತಿರುಗಿದ, ಅದರಲ್ಲಿ ಚಕ್ರವರ್ತಿ ತನ್ನನ್ನ ಕಾಪಾಡು ಅಂತ ಕಾಂಗ್‌ಗೇ ಬರೆದ ಹಾಗಿತ್ತು. ಮೂಲ ಪತ್ರದಲ್ಲಿ ಹಾಗಿರಲಿಲ್ಲ. ಆಮೇಲೆ ಅಚ್ಚು ಹಾಕಿಸಿದ ತನ್ನ 1898ರ ಮನವಿಗಳನ್ನೂ ತಿದ್ದಿದ್ದ ಅನ್ನೋದು ಅರಮನೆಯ ದಾಖಲೆಗಳ ಜೊತೆ ತಾಳೆ ನೋಡಿದಾಗ ಹೊರಬಂತು. ಬಹಳ ವರ್ಷ ಜಗತ್ತು ಈ ಕಥೆನ ಕಾಂಗ್ ಮತ್ತು ಲಿಯಾಂಗ್ ಬರೆದ ಹಾಗೇ ಓದ್ತು, ಹಾಗಾಗೇ ಅದರಲ್ಲಿ ಖಳನಾಯಕರು ಅಷ್ಟು ಸ್ಪಷ್ಟವಾಗಿ ಕಾಣ್ತಾರೆ. ನಮ್ಮ ದೇಶಕ್ಕೂ ಇದರ ಒಂದು ತುಣುಕು ಸೇರಿದೆ, ದೇಶಭ್ರಷ್ಟನಾದ ಕಾಂಗ್ 1901ರ ಕೊನೆಯಿಂದ 1903ರವರೆಗೆ ಡಾರ್ಜಿಲಿಂಗ್‌ನಲ್ಲಿ ಮಗಳ ಜೊತೆ ಇದ್ದ, ಜಗತ್ತಿನ ಗಡಿಗಳೆಲ್ಲ ಅಳಿಸಿಹೋಗೋ ಕಾಲದ ಬಗ್ಗೆ ಅಲ್ಲಿ ಕೂತು ಬರೀತಿದ್ದ.

ಜಪಾನಿನಲ್ಲಿ ಆಗಿದ್ದು ಇಲ್ಲಿ ಯಾಕಾಗ್ಲಿಲ್ಲ ಅಂತ ಕೇಳೋರಿಗೆ ನಾನು ಹೇಳೋದು ಕ್ರಮ ನೋಡಿ ಅಂತ. ಅಲ್ಲಿ 1868ರಲ್ಲಿ ಮೊದಲು ಒಂದು ಅಂತರ್ಯುದ್ಧ ಆಯ್ತು, ಗೆದ್ದವರ ಕೈಲಿ ಸೈನ್ಯ ಇತ್ತು, ಆಮೇಲೆ ಆಜ್ಞೆಗಳು ಬಂದ್ವು. ಸಮುರಾಯ್‌ಗಳ ಸಂಬಳನ ಒಂದೇ ದಿನ ನಿಲ್ಲಿಸಲಿಲ್ಲ, ವರ್ಷಗಟ್ಟಲೆ ಕೊಟ್ಟು, 1876ರಲ್ಲಿ ಬಾಂಡ್ ಕೊಟ್ಟು ಮುಗಿಸಿದ್ರು, ಅಷ್ಟಾದ್ರೂ ಮಾರನೇ ವರ್ಷ ದಂಗೆ ಎದ್ದಿತು, ಅದನ್ನ ಹತ್ತಿಕ್ಕೋ ಸೈನ್ಯ ಅಷ್ಟೊತ್ತಿಗೆ ಸಿದ್ಧ ಇತ್ತು. ಗುವಾಂಗ್ಶು ಹತ್ರ ಆ ಹತ್ತು ವರ್ಷನೂ ಇರಲಿಲ್ಲ, ಸೈನ್ಯನೂ ಇರಲಿಲ್ಲ.

21ರ ನಂತರ ಹೆಚ್ಚಿನ ಆಜ್ಞೆಗಳು ರದ್ದಾದ್ವು, ಎಂಟು ಕಾಲಿನ ಪ್ರಬಂಧ ವಾಪಸ್ ಬಂತು, ಮುಚ್ಚಿದ ಆಫೀಸುಗಳು ತೆರೆದ್ವು. ಉಳ್ಕೊಂಡಿದ್ದರಲ್ಲಿ ದೊಡ್ಡದು ಅಂದ್ರೆ ರಾಜಧಾನಿಯ ಹೊಸ ವಿಶ್ವವಿದ್ಯಾಲಯ, ಇವತ್ತಿನ ಪೇಕಿಂಗ್ ಯೂನಿವರ್ಸಿಟಿ. ಎರಡೇ ವರ್ಷಕ್ಕೆ ವಿದೇಶೀಯರ ವಿರುದ್ಧ ಎದ್ದ ಬಾಕ್ಸರ್ ದಂಗೆ ಬಂತು, ಎಂಟು ದೇಶದ ಸೈನ್ಯ ಪೇಕಿಂಗ್ ಹಿಡೀತು, ಸಿಶಿ ಚಕ್ರವರ್ತಿನ ಜೊತೇಲಿ ಕಟ್ಕೊಂಡು ಶಿಆನ್‌ಗೆ ಓಡಿಹೋದ್ಲು, ದಂಡ ಈ ಸಲ 45 ಕೋಟಿ ತಾಯೆಲ್. 1901ರ ಜನವರಿಯಲ್ಲಿ, ಇನ್ನೂ ಶಿಆನ್‌ನಲ್ಲಿ ಇರೋವಾಗಲೇ, ಅವಳೇ ಸುಧಾರಣೆಯ ಆಜ್ಞೆ ಹೊರಡಿಸಿದ್ಲು, ಮೂರು ವರ್ಷದ ಹಿಂದೆ ರದ್ದು ಮಾಡಿದ್ದರಲ್ಲಿ ಹೆಚ್ಚಿನದನ್ನ ಒಂದೊಂದಾಗಿ ಮತ್ತೆ ತಂದ್ಲು. ಗುವಾಂಗ್ಶು 1908ರ ನವೆಂಬರ್ 14ಕ್ಕೆ ಸತ್ತ, ಅವಳು ಮಾರನೇ ದಿನ. 2008ರಲ್ಲಿ ಅವನ ಕೂದಲು ಬಟ್ಟೆ ಪರೀಕ್ಷೆ ಮಾಡಿದ ಚೀನೀ ವಿಜ್ಞಾನಿಗಳು ಆರ್ಸೆನಿಕ್ ವಿಷದಿಂದ ಸಾವು ಅಂತ ವರದಿ ಕೊಟ್ರು.

ಅವರಿಬ್ಬರ ಸಾವಿಗೂ ಮೂರು ವರ್ಷ ಮುಂಚೆ, 1905ರ ಸೆಪ್ಟೆಂಬರ್ 2ಕ್ಕೆ, ಎಂಟು ಕಾಲಿನ ಪ್ರಬಂಧ ಮಾತ್ರ ಅಲ್ಲ, ಸಾವಿರದ ಮುನ್ನೂರು ವರ್ಷದ ಆ ಇಡೀ ಪರೀಕ್ಷಾ ಪದ್ಧತಿನೇ ರದ್ದಾಯ್ತು. ರದ್ದು ಮಾಡಿ ಅಂತ ಮನವಿ ಕೊಟ್ಟವರಲ್ಲಿ ಝಾಂಗ್ ಝಿದೊಂಗ್ ಇದ್ದ, ಯುವಾನ್ ಶಿಕಾಯ್ ಇದ್ದ. ಒಪ್ಪಿಗೆ ಕೊಟ್ಟಿದ್ದು ಸಿಶಿ. ಆಜ್ಞೆ ಹೊರಟಿದ್ದು ಮಾತ್ರ ಚಕ್ರವರ್ತಿ ಗುವಾಂಗ್ಶು ಹೆಸರಲ್ಲಿ, ಅವನು ಆಗ ಅದೇ ಕೆರೆಯ ದ್ವೀಪದಲ್ಲಿ ಏಳನೇ ವರ್ಷದ ಸೆರೆಯಲ್ಲಿದ್ದ.